ಹದಿನಾಲ್ಕನೇ ವಸ್ತು

ನಮ್ಮತ್ತೆ ಸರ್ಕಾರಿ ಪಟ್ಟಿಯಲ್ಲಿ ಹದಿನಾಲ್ಕನೇ ವಸ್ತು. ಹದಿಮೂರನೆಯದು ಈರುಳ್ಳಿ ಬುಟ್ಟಿ. ಹದಿನೈದನೆಯದು ಅವಳು ಕೂರುವ ತಗಡಿನ ಡಬ್ಬ. ನಾನು ಆ ಪಟ್ಟಿಯಲ್ಲೇ ಇಲ್ಲ.

ಯಾಕಿಲ್ಲ ಅಂತ ಕೇಳಿ. ಅವರು ಪಟ್ಟಿ ಮಾಡೋಕೆ ಬಂದ ಹೊತ್ತಿಗೆ ನಾನು ನೀರಿಗೆ ಹೋಗಿದ್ದೆ. ಮದುವೆಯಾಗಿ ಬಂದ ಮಾರನೇ ದಿನದಿಂದ ಇಪ್ಪತ್ತೆರಡು ವರ್ಷ, ದಿನಕ್ಕೆ ಹದಿನಾರು ಕೊಡ ಹೊತ್ತಿದ್ದೇನೆ. ಎಡ ಸೊಂಟದ ಮೇಲೆ ಕೊಡ ಕೂರುವ ಜಾಗದಲ್ಲಿ ಚರ್ಮ ಕಪ್ಪಗೆ ಗಟ್ಟಿಯಾಗಿದೆ, ಚಿವುಟಿದರೂ ನೋಯಲ್ಲ. ಅವತ್ತು ಒಂಬತ್ತನೇ ಕೊಡ ಹೊತ್ತು ವಾಪಸ್ ಬರುವಷ್ಟರಲ್ಲಿ ಪಟ್ಟಿ ಮುಗಿದಿತ್ತು, ರುಜು ಬಿದ್ದಿತ್ತು. ಬಂದವರು ನಾನು ಮಾಡಿದ ಸಾರು ಕುಡಿದು ಬಾಯಿ ಒರೆಸಿಕೊಳ್ಳುತ್ತಿದ್ದರು.

ನಮ್ಮ ಊಟದ ಅಂಗಡಿ ಅಂದರೆ ಅಂಥ ದೊಡ್ಡದೇನಲ್ಲ. ಮೋರಿ ಕೆಲಸದವರ ಸಾಮಾನು ಇಡುವ ಕಟ್ಟಡದ ಗೋಡೆಗೆ ಒರಗಿಸಿ ಕಟ್ಟಿದ ತಗಡಿನ ಮಾಡು. ಒಂದು ಮಣ್ಣಿನ ಒಲೆ, ಒಂದು ದೊಡ್ಡ ಹಂಡೆ, ರೊಟ್ಟಿ ಸುಡುವ ಕಬ್ಬಿಣದ ಹಂಚು, ಎಂಟು ಜನ ಒತ್ತೊತ್ತಾಗಿ ಕೂರುವಂಥ ಬೆಂಚು. ಕಾಳಿನ ಸಾರು, ದಪ್ಪ ರೊಟ್ಟಿ, ಹಸಿ ಈರುಳ್ಳಿ. ಬೇರೆ ಏನೂ ಮಾಡಲ್ಲ. ಇದನ್ನು ಇಟ್ಟವಳು ನನ್ನ ಗಂಡನ ಅಜ್ಜಿ. ಆ ಕಾಲದಲ್ಲಿ ಯಾವ ಊಟದ ಅಂಗಡಿಯವರೂ ಮೋರಿಗೆ ಇಳಿಯುವವರನ್ನು ಒಳಗೆ ಕೂರಿಸುತ್ತಿರಲಿಲ್ಲ. ನಾತ ಅಂತ ಮೂಗು ಮುಚ್ಚಿಕೊಂಡು, ಹೊರಗೆ ನಿಲ್ಲಿಸಿ, ಕಾಗದದಲ್ಲಿ ಸುತ್ತಿ ದೂರದಿಂದ ಎಸೆಯುತ್ತಿದ್ದರು. ಈಗಿನ ಕಾಲದಲ್ಲೂ ಅಷ್ಟೇ, ಕಾಗದದ ಬದಲು ಚೀಲ ಬಂದಿದೆ. ಅಜ್ಜಿ ಬೆಂಚು ಹಾಕಿದಳು. ಕೂತು ತಿನ್ನಿ ಅಂದಳು. ನಮ್ಮ ಇತಿಹಾಸ ಅಂದರೆ ಇಷ್ಟೇ. ಆಮೇಲೆ ಲಾರಿಯವರು ಬಂದರು, ಗುಮಾಸ್ತರು ಬಂದರು, ಕೊನೆಗೆ ದಾರಿ ಕೇಳಿದವರಿಗೆಲ್ಲ "ಸಾರಿನ ಅಂಗಡಿಯಿಂದ ಎಡಕ್ಕೆ ತಿರುಗಿ" ಅಂತ ಹೇಳುವ ಮಟ್ಟಕ್ಕೆ ಬಂತು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಒಲೆಗೆ ಕಡ್ಡಿ ಗೀರುವುದಿಲ್ಲ. ಅಜ್ಜಿ ಹಚ್ಚಿದ ಬೆಂಕಿ ಆರಲು ನಾವು ಬಿಟ್ಟಿಲ್ಲ. ಸಂಜೆ ಅಂಗಡಿ ಮುಚ್ಚುವಾಗ ಕೆಂಡವನ್ನು ಹಿಡಿ ಇರುವ ಬಾಣಲೆಗೆ ತುಂಬಿ, ಮೇಲೆ ಬೂದಿ ಮುಚ್ಚಿ ಮನೆಗೆ ಒಯ್ಯುತ್ತೇವೆ. ಬೆಳಗ್ಗೆ ಬೂದಿ ಕೆದಕಿ, ವಾಪಸ್ ತಂದು ಒಲೆಗೆ ಸುರಿಯುತ್ತೇವೆ. ಜ್ವರ ಬಂದು ಹಲ್ಲು ಕಟಕಟ ಅನ್ನುತ್ತಿದ್ದ ದಿನವೂ ನಾನು ಬಾಣಲೆ ಹೊತ್ತಿದ್ದೇನೆ. ನನ್ನ ಎರಡೂ ಅಂಗೈಯಲ್ಲಿ ಸುಟ್ಟ ಗೆರೆಗಳಿವೆ. ಹುಟ್ಟಿನಿಂದ ಬಂದ ಗೆರೆ ಯಾವುದು, ಬಾಣಲೆ ಹಾಕಿದ್ದು ಯಾವುದು ನನಗೇ ಗೊತ್ತಾಗಲ್ಲ.

ಇನ್ನೊಂದು ಪದ್ಧತಿ ಇದೆ, ಅದು ಜಂಬ. "ಇಲ್ಲಿ ಒಂದು ಕಡ್ಡೀನೂ ಬದಲಾಗಿಲ್ಲ" ಅಂತ ಹೇಳಿಕೊಳ್ಳುವುದು. ಗಿರಾಕಿಗಳಿಗೆ ಆ ಮಾತು ಇಷ್ಟ. ಅಜ್ಜಿ ಹೇಳುತ್ತಿದ್ದಳಂತೆ, ಅತ್ತೆ ಹೇಳುತ್ತಿದ್ದಳು, ನನ್ನ ಗಂಡನೂ ಹೇಳುತ್ತಿದ್ದ. ಹಸೀ ಸುಳ್ಳು. ತಗಡು ನಾಲ್ಕು ಸಲ ಬದಲಾಗಿದೆ. ಬೆಂಚಿನ ಒಂದು ಕಾಲು ನಮ್ಮ ಮನೆ ಬಾಗಿಲಿನ ಮರ. ಹನ್ನೊಂದು ವರ್ಷದ ಹಿಂದೆ ಅತ್ತೆಯ ಬಲಗೈ ನಡುಗಲು ಶುರುವಾಯಿತು. ಉಪ್ಪು ಹಿಡಿದರೆ ಅರ್ಧ ಹಂಡೆಗೆ, ಅರ್ಧ ನೆಲಕ್ಕೆ. ಅವತ್ತಿನಿಂದ ಸಾರು ನನ್ನದು. ಕಾಳನ್ನು ಹುರಿದು ಒಡೆದು ಹಾಕುವುದು ನಾನು ಕಂಡುಕೊಂಡದ್ದು. ಅದು ಹೊರಗೆ ಯಾರಿಗೂ ಗೊತ್ತಾಗಬಾರದು ಅಂತ ಅತ್ತೆ ಆಣೆ ಹಾಕಿಸಿಕೊಂಡಿದ್ದಳು. ಗಿರಾಕಿ ಬರುವ ಮುಂಚೆ ಉಪ್ಪು ಖಾರ ಹಾಕಿ ಮುಗಿಸಬೇಕು, ಸೌಟು ಅತ್ತೆಯ ಎಡಗೈಗೆ ಕೊಡಬೇಕು, ನಾನು ಹಿಂದೆ ಹೋಗಿ ಪಾತ್ರೆ ಉಜ್ಜಬೇಕು. "ಆಹಾ, ಹಳೇ ಕೈ ಹಳೇ ಕೈಯೇ" ಅಂತ ಬೆಂಚಿನವರು ಹೊಗಳುವಾಗ ನಾನು ಬೂದಿಯಲ್ಲಿ ತಟ್ಟೆ ತಿಕ್ಕುತ್ತಾ ಕೇಳಿಸಿಕೊಳ್ಳಬೇಕು.

ಪಟ್ಟಿ ಮಾಡಿದ್ದು ಹಳೇ ವಸ್ತುಗಳನ್ನು ಕಾಪಾಡುವ ಕಚೇರಿಯವನು. ನಾವು ಅವನಿಗೆ ಪಟ್ಟಿ ಸಾಹೇಬ ಅಂತಲೇ ಹೆಸರಿಟ್ಟೆವು. ಅವನು ಅತ್ತೆಯನ್ನು ಕೇಳಿದನಂತೆ, "ಇದೆಲ್ಲ ಮೊದಲಿನಿಂದ ಹೀಗೇ ಇದೆಯಾ?" ಅಂತ. ಅತ್ತೆ ಬಿಡುತ್ತಾಳಾ? "ಒಂದು ಕಡ್ಡೀನೂ ಬದಲಾಗಿಲ್ಲ ಸ್ವಾಮಿ. ಈ ಒಲೆ, ಈ ಹಂಡೆ, ಈ ಮಸಿ, ಈ ನಾನು. ಈ ಡಬ್ಬದ ಮೇಲೆ ಕೂತವಳು ಎದ್ದಿದ್ದೇ ಇಲ್ಲ ಅಂತ ಬರ್ಕೊಳ್ಳಿ" ಅಂದಳಂತೆ. ಅವನು ಬರೆದುಕೊಂಡ. ಆರನೇ ವಸ್ತು, ಮಸಿ, ಎರಡು ಬೆರಳು ದಪ್ಪ. ಒಂಬತ್ತನೇ ವಸ್ತು, ಬೆಂಚಿನ ಬಿರುಕು. ಹದಿನಾಲ್ಕನೇ ವಸ್ತು, ಮುದುಕಿ, ಕೂತಿರುವುದು, ಎಡಗೈಯಲ್ಲಿ ಸೌಟು. ಎಲ್ಲದಕ್ಕೂ ಒಂದೊಂದು ತಾಮ್ರದ ಬಿಲ್ಲೆ ಕಟ್ಟಿದರು. ಅತ್ತೆಗೆ ಮಣಿಕಟ್ಟಿಗೆ ಕಟ್ಟಿದರು. ಅವಳು ಅವತ್ತು ಸಂಜೆ ಓಣಿಯ ಮನೆಮನೆಗೂ ಹೋಗಿ ಅದನ್ನು ತೋರಿಸಿ ಬಂದಳು.

ಒಂದು ತಿಂಗಳಿಗೆ ಆದೇಶ ಬಂತು. ಪಟ್ಟಿ ಸಾಹೇಬನೇ ಬಂದು ನಿಂತು ಓದಿದ. ಒಲೆ ಹಚ್ಚುವಂತಿಲ್ಲ, ಮಸಿ ದಪ್ಪವಾಗುತ್ತದೆ. ಹಂಡೆಯಲ್ಲಿ ಬೇಯಿಸುವಂತಿಲ್ಲ, ತಳ ಸವೆಯುತ್ತದೆ. ಬೆಂಚಿನ ಮೇಲೆ ಕೂರುವಂತಿಲ್ಲ, ಬಿರುಕು ದೊಡ್ಡದಾಗುತ್ತದೆ. ಹದಿನಾಲ್ಕನೇ ವಸ್ತು ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಜಾಗ ಬಿಟ್ಟು ಕದಲುವಂತಿಲ್ಲ.

"ಮತ್ತೆ ಇದು ಊಟದ ಅಂಗಡಿ ಹೇಗಾಗುತ್ತೆ ಸ್ವಾಮಿ?" ಅಂತ ನಾನು ಕೇಳಿದೆ.

"ಊಟದ ಅಂಗಡಿಯೇ ಅಮ್ಮಾ. ಊಟ ಇರಲ್ಲ, ಅಷ್ಟೇ." ಅವನು ತಲೆ ಎತ್ತಿ ನೋಡಿದ. "ನೀನು ಯಾರು?"

"ಈ ಮನೆ ಸೊಸೆ."

ಅವನು ಪಟ್ಟಿಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಬಂದ. ಪುಟ ತಿರುವಿದ. ಮತ್ತೆ ಮೇಲಿಂದ ಕೆಳಗೆ ಬಂದ. "ಸೊಸೆ ಅಂತ ಇಲ್ಲಿ ಏನೂ ಇಲ್ಲವಲ್ಲ. ಸೌಟು ಇದೆ. ಸೊಸೆ ಇಲ್ಲ."

"ಸಾರು ಮಾಡೋಳು ನಾನು."

"ಹೌದೇನಮ್ಮಾ?" ಅಂತ ಅವನು ಅತ್ತೆಯನ್ನು ಕೇಳಿದ.

ಅತ್ತೆ ನನ್ನ ಮುಖ ನೋಡಲಿಲ್ಲ. ಬಿಲ್ಲೆ ಸವರಿಕೊಂಡು, "ಸಾರು ನಮ್ಮತ್ತೆ ಕಾಲದ್ದು. ಅದು ಹಾಗೇ ಇದೆ" ಅಂದಳು.

"ಕೇಳಿದೆಯಲ್ಲ" ಅಂದ ಪಟ್ಟಿ ಸಾಹೇಬ. "ಪಟ್ಟಿಯಲ್ಲಿಲ್ಲದ್ದು ಇಲ್ಲಿದ್ದರೆ ಅದಕ್ಕೆ ಒತ್ತುವರಿ ಅಂತ ಹೆಸರು. ಸ್ವಲ್ಪ ಈಚೆ ಬಾ."

ಸುತ್ತ ಕೆಂಪು ಹಗ್ಗ ಕಟ್ಟಿದರು. ನಾನು ಈಚೆ ಬಂದೆ. ಇಪ್ಪತ್ತೆರಡು ವರ್ಷ ನೀರು ಹೊತ್ತವಳು ಒತ್ತುವರಿ, ಮಸಿ ಮಾತ್ರ ವಸ್ತು. ಮೈಯೆಲ್ಲ ಉರಿದುಹೋಯಿತು. ಆದರೆ ನಿಜ ಹೇಳಬೇಕು ಅಂದರೆ, ಪಟ್ಟಿ ಸಾಹೇಬನಿಗಿಂತ ಅತ್ತೆಯ ಮೇಲೆ ಹೆಚ್ಚು ಉರಿದದ್ದು.

ನನ್ನ ಗಂಡನಿಗೆ ಹಿತ್ತಾಳೆ ಗುಂಡಿಯ ಕೋಟು ಕೊಟ್ಟರು, ಎರಡು ಪುಟದ ಭಾಷಣ ಕೊಟ್ಟರು. ನೋಡಲು ಬಂದವರಿಗೆ ಅಂಗಡಿಯ ಬಗ್ಗೆ ಹೇಳುವುದು ಅವನ ಕೆಲಸ. ಮನುಷ್ಯ ಒಳ್ಳೆಯವನೇ, ಆದರೆ ಕೈಗೆ ಕೋಲು ಕೊಟ್ಟರೆ ಸಾಕು, ಎಲ್ಲದರ ಕಡೆಗೂ ತೋರಿಸುತ್ತಾನೆ. ಮನೆಯಲ್ಲಿ ಊಟಕ್ಕೆ ಕೂತರೂ "ಈಗ ನಿಮ್ಮ ಎಡಗಡೆ ನೋಡಿ" ಅನ್ನುತ್ತಿದ್ದ. ಎಡಗಡೆ ನಾನು ಕೂತಿರುತ್ತಿದ್ದೆ. "ನೋಡಿದ್ದಾಯ್ತು, ಮುಂದಕ್ಕೆ ಹೇಳು" ಅನ್ನುತ್ತಿದ್ದೆ. ಭಾಷಣದಲ್ಲಿ ಮುಂದಕ್ಕೆ ನನ್ನ ವಿಷಯ ಇರಲಿಲ್ಲ.

ಅತ್ತೆಯ ಪಾಡು ಕೇಳಬೇಡಿ. ಆದೇಶ ಬಂದ ನಾಲ್ಕೇ ದಿನಕ್ಕೆ ಬಿಲ್ಲೆಯ ಖುಷಿ ಇಳಿಯಿತು. ದಿನವೆಲ್ಲ ಖಾಲಿ ಹಂಡೆಯೊಳಗೆ ಸೌಟು ಆಡಿಸುತ್ತಾ ಕೂರಬೇಕು. ಸೊಂಟ ಹಿಡಿಯಿತು, ಕಾಲು ಊದಿಕೊಂಡಿತು. ತಲೆಗೆ ಎಣ್ಣೆ ಹಚ್ಚಿಕೊಂಡು ಹೋದರೆ ಮೇಲ್ಮೈ ಹೊಳಪು ಬದಲಾಗಿದೆ ಅಂತ ಒರೆಸಿದರು. ಮೂತ್ರಕ್ಕೆ ಹೋಗಬೇಕಾದರೆ ಕಚೇರಿಯವರು ಇಟ್ಟ ಕಾವಲುಗಾರನಿಗೆ ಹೇಳಬೇಕು. ಅವನು ಡಬ್ಬದ ಮೇಲೆ ಒಂದು ಫಲಕ ಇಡುತ್ತಿದ್ದ, "ಈ ವಸ್ತು ದುರಸ್ತಿಯಲ್ಲಿದೆ" ಅಂತ. ಅತ್ತೆಗೆ ಓದಲು ಬರುತ್ತಿರಲಿಲ್ಲ. ಏನು ಬರೆದಿದ್ದಾರೆ ಅಂತ ಒಂದು ದಿನ ಕೇಳಿದಳು. ನಾನು ಹೇಳಿದೆ. ಅವತ್ತಿನಿಂದ ಅವಳು ನೀರು ಕುಡಿಯುವುದನ್ನೇ ಬಿಟ್ಟಳು.

"ಎದ್ದು ಬಾ ಅತ್ತೆ, ಸಾಕು" ಅಂದೆ. ನಮ್ಮಲ್ಲಿ ಅತ್ತೆಗೆ ನೀವು ತಾವು ಅನ್ನೋದಿಲ್ಲ. ಒಂದೇ ಒಲೆಯ ಹೊಗೆ ಕುಡಿದವರಿಗೆ ಅದೆಲ್ಲ ಎಲ್ಲಿಂದ ಬರಬೇಕು.

"ಎದ್ರೆ ಅಂಗಡಿ ಹೋಗುತ್ತೆ ಕಣೇ" ಅಂದಳು.

"ಅಂಗಡಿ ಎಲ್ಲಿದೆ ಈಗ?"

ಅವಳು ಕಾಲು ಚಾಚಿದಳು. ಊದಿದ ಕಾಲಿಗೆ ನಾನು ಬಿಸಿ ಬೂದಿಯ ಗಂಟು ಇಟ್ಟೆ. ಆ ಬೂದಿ ಒಲೆಯದೇ. ಯಾಕಂದರೆ ಅವರು ಪಟ್ಟಿಯಲ್ಲಿ ಬರೆಯದೇ ಬಿಟ್ಟದ್ದು ಎರಡು. ಒಂದು ನಾನು, ಇನ್ನೊಂದು ಬೆಂಕಿ. ಬೆಂಕಿಗೆ ಬಿಲ್ಲೆ ಕಟ್ಟಲು ಅವರಿಗೆ ಗೊತ್ತಾಗಿರಲಿಲ್ಲ. ಒಲೆ ಆರಿಸಿ ಅಂದ ದಿನವೂ ನಾನು ಎಂದಿನಂತೆ ಕೆಂಡ ತುಂಬಿಕೊಂಡು ಮನೆಗೆ ಬಂದಿದ್ದೆ. ಅಂಗಡಿಯಲ್ಲಿ ಇದ್ದದ್ದರಲ್ಲೆಲ್ಲ ಹಳೆಯದು ಅದೇ, ಮತ್ತು ಅದು ನನ್ನ ಮನೆ ಮೂಲೆಯಲ್ಲಿ ಸೌದೆ ಚೂರು ತಿಂದುಕೊಂಡು ಬದುಕಿತ್ತು. ಅದನ್ನು ಅದರ ಒಲೆಗೆ ವಾಪಸ್ ಸುರಿಯಬೇಕು. ನನಗೆ ಬೇಕಾದದ್ದು ಅದೊಂದೇ. ಪಟ್ಟಿಯೂ ಬೇಡ, ಬಿಲ್ಲೆಯೂ ಬೇಡ, ಒಲೆ ಹತ್ತಬೇಕು.

ಆಮೇಲೆ ಬೆಂಚಿನ ಮೇಲೆ ಸುಣ್ಣದ ಗೊಂಬೆಗಳು ಬಂದವು. ನಾಲ್ಕು ಜನ ಮೋರಿ ಕೆಲಸದವರು, ಆಳೆತ್ತರ, ಕೈಗೆ ಬಟ್ಟಲು ಅಂಟಿಸಿದ್ದು, ಬಟ್ಟಲಲ್ಲಿ ಬಣ್ಣ ಬಳಿದ ಸಾರು. ಒಲೆಯ ಬಾಯಿಗೆ ಸುಣ್ಣದ ರೊಟ್ಟಿಗಳನ್ನು ಜೋಡಿಸಿಟ್ಟರು. ಮೇಲೆ ಒಂದು ಫಲಕ, "ದುಡಿಯುವವರ ಹಸಿವನ್ನು ನೀಗಿದ ಜಾಗ". ನಿಜವಾದ ಮೋರಿಯವರಿಗೆ ಹಗ್ಗದಿಂದ ನೂರು ಹೆಜ್ಜೆ ದೂರ ಇರಲು ಹೇಳಿದರು. ನೋಡಲು ಬಂದವರಿಗೆ ಅವರ ನಾತ ಆಗುವುದಿಲ್ಲವಂತೆ.

ಮೋರಿಯವರಲ್ಲಿ ಹಿರಿಯ ಹಗ್ಗದಣ್ಣ. ಇನ್ನೊಬ್ಬ ಗುಂಡಿಗೆ ಇಳಿದಾಗ ಮೇಲೆ ಹಗ್ಗ ಹಿಡಿದು ನಿಲ್ಲುವವನು. ಮೂವತ್ತು ವರ್ಷ ಅದೇ ಕೆಲಸ. ಅವನ ಎಡಗೈಯಲ್ಲಿ ಮೂರೇ ಬೆರಳು, ಇನ್ನೆರಡನ್ನು ಹಗ್ಗ ತಿಂದಿದೆ. ಅವನು ನೂರು ಹೆಜ್ಜೆ ದೂರದಿಂದ ಕಣ್ಣಿಗೆ ಕೈ ಅಡ್ಡ ಹಿಡಿದು ಗೊಂಬೆಗಳನ್ನು ಬಹಳ ಹೊತ್ತು ನೋಡಿದ.

"ಯಾರಣ್ಣ ಅದು, ಗುರುತು ಸಿಕ್ತಾ?" ಅಂತ ಕೇಳಿದೆ.

"ನಮ್ಮೋರಲ್ಲ ಬಿಡಕ್ಕ" ಅಂದ. "ನಾಲ್ಕು ಜನಕ್ಕೂ ಪೂರ್ತಿ ಬೆರಳಿದೆ."

ಅವರಿಗೆ ಬೇರೆ ಕಡೆ ಕೂತು ತಿನ್ನುವ ಜಾಗ ಇಲ್ಲ. ಬೆಳಗ್ಗೆ ಆರಕ್ಕೆ ಗುಂಡಿಗೆ ಇಳಿದವರು ಮೇಲೆ ಬಂದು ಒಣ ಬ್ರೆಡ್ಡು ನೀರಲ್ಲಿ ಅದ್ದಿ ತಿಂದು ಮತ್ತೆ ಇಳಿಯುತ್ತಿದ್ದರು. ನನಗೆ ನೋಡಲಾಗಲಿಲ್ಲ. ಮನೆಯಲ್ಲಿ ಸಾರು ಮಾಡಿ ಎರಡು ಬಕೆಟ್ಟಿಗೆ ತುಂಬಿ, ನೂರು ಹೆಜ್ಜೆ ಅಳೆದು, ನೂರಾ ಒಂದನೇ ಹೆಜ್ಜೆಯಲ್ಲಿ ಕೂತೆ. ಮೊದಲನೇ ಬಟ್ಟಲು ತುಂಬುವಷ್ಟರಲ್ಲಿ ಪಟ್ಟಿ ಸಾಹೇಬ ಬಂದ. ಕಿರುಬೆರಳು ಅದ್ದಿ ನೆಕ್ಕಿದ. ಕಣ್ಣು ಮುಚ್ಚಿದ. ಮತ್ತೆ ನೆಕ್ಕಿದ.

"ಇದು ಆ ಅಂಗಡಿಯ ರುಚಿಯೇ" ಅಂದ.

"ಹೌದು ಸ್ವಾಮಿ. ಮಾಡಿದ್ದು ನಾನೇ."

"ನೀನು ಪಟ್ಟಿಯಲ್ಲಿಲ್ಲ. ಅಂದರೆ ಇದು ನಕಲಿ."

ನನ್ನ ಕೈಯ ಸಾರು ನನ್ನ ಕೈಯ ಸಾರಿನ ನಕಲಿಯಂತೆ. ಕಾವಲುಗಾರ ಎರಡೂ ಬಕೆಟ್ಟನ್ನು ಎತ್ತಿ, ತೆರೆದಿದ್ದ ಗುಂಡಿಗೆ ಸುರಿದ. ಪಾಪ, ಅವನ ಮುಖವೂ ಸಣ್ಣಗಾಗಿತ್ತು, ಅವನೂ ಹಿಂದೆ ಅದೇ ಬೆಂಚಿನ ಮೇಲೆ ಕೂತು ತಿಂದವನು. ಗುಂಡಿಯೊಳಗೆ ಆಗ ಇಬ್ಬರು ಕೆಲಸ ಮಾಡುತ್ತಿದ್ದರು. ಆಮೇಲೆ ಕೆಳಗಿನಿಂದ ಒಬ್ಬ ಕೂಗಿ ಹೇಳಿದ, "ಅಕ್ಕಾ, ಇವತ್ತು ಉಪ್ಪು ಸರಿಯಾಗಿದೆ."

ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಬಾಣಲೆ ಮುಂದೆ ಕೂತು ಅತ್ತುಬಿಟ್ಟೆ. ಸಾರು ಚೆಲ್ಲಿದ್ದಕ್ಕಲ್ಲ. ತಲೆ ಮೇಲೆ ಸುರಿಸಿಕೊಂಡೇ ರುಚಿ ನೋಡಬೇಕಾದ ಸ್ಥಿತಿಗೆ ನಮ್ಮವರು ಬಂದರಲ್ಲ ಅಂತ.

ಅದಾಗಿ ಒಂಬತ್ತು ದಿನಕ್ಕೆ ಹಗ್ಗ ಜಾರಿತು. ಹಗ್ಗದಣ್ಣನ ಕೈಯಿಂದ, ಮೂವತ್ತು ವರ್ಷದಲ್ಲಿ ಮೊದಲ ಸಲ. ಒಂದೇ ಗೇಣು ಜಾರಿದ್ದು. ಆದರೆ ಕೆಳಗಿದ್ದವನ ಬಾಯಿ ಕಪ್ಪು ನೀರಿನ ಮಟ್ಟಕ್ಕಿತ್ತು. ಎಳೆದು ಮೇಲೆ ಹಾಕಿ, ಮಗುಚಿ ಮಲಗಿಸಿ ಬೆನ್ನು ಗುದ್ದಿದರು. ಬದುಕಿದ. ಹಗ್ಗದಣ್ಣ ತನ್ನ ಕೈ ನೋಡಿಕೊಂಡು ನೆಲದ ಮೇಲೆ ಕೂತಿದ್ದ.

"ಹೊಟ್ಟೇಲಿ ಬಿಸಿ ಇಲ್ಲದಿದ್ರೆ ಮುಷ್ಟಿ ಬಿಗಿಯಾಗಲ್ಲ ಕಣಕ್ಕ" ಅಂದ. "ನಾಳೆ ನಂಗೆ ಹಗ್ಗ ಕೊಡಬೇಡಿ ಅಂತ ಹೇಳ್ತೀನಿ."

"ಕೊಡ್ತಾರೆ. ಹಿಡೀತೀಯ" ಅಂದೆ. ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಮಾಡಲೇಬೇಕಾಯಿತು.

ಮಾರನೇ ದಿನ ಅಂಗಡಿಯ ಉದ್ಘಾಟನೆ. ತಲೆಮಾರುಗಳಿಂದ ತೆರೆದಿದ್ದ ಅಂಗಡಿಯನ್ನು ಉದ್ಘಾಟಿಸಲು ದೊಡ್ಡ ಸಾಹೇಬರೊಬ್ಬರು ಬರುವವರಿದ್ದರು. ಒಲೆ ಆರಿ ಅವತ್ತಿಗೆ ನಲವತ್ತೊಂದು ದಿನ. ಕುರ್ಚಿ ಹಾಕಿದ್ದರು, ರಿಬ್ಬನ್ನು ಕಟ್ಟಿದ್ದರು. ನಾನು ಬೆಳಗ್ಗೆ ಬಾಣಲೆಯ ಬೂದಿ ಕೆದಕಿದೆ. ಹೊರಡುವ ಮುಂಚೆ ಓಣಿಯ ಆರು ಮನೆಗೆ ಹೋಗಿ, ಆರು ಮನೆಯ ಒಲೆಗೂ ಎರಡೆರಡು ಕೆಂಡ ಹಾಕಿದೆ. "ಆರಿಸ್ಬೇಡಿ, ಕೇಳಿದಾಗ ಕೊಡಿ" ಅಂದೆ. ಯಾಕೆ ಅಂತ ಯಾರೂ ಕೇಳಲಿಲ್ಲ. ಉಳಿದ ಕೆಂಡವನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆಗೆ ಬಂದೆ.

ಕಾವಲುಗಾರ ಹಗ್ಗದ ಹತ್ತಿರ ಅಡ್ಡ ನಿಂತ. "ಅಕ್ಕಾ, ಒಳಗೆ ಬಿಡೋ ಹಾಗಿಲ್ಲ."

"ಯಾರನ್ನ?"

ಅವನು ದಾಖಲೆ ಪುಸ್ತಕ ತೆಗೆದ. ಅದರಲ್ಲಿ ಎರಡೇ ಸಾಲು. ಒಂದು ವಸ್ತುಗಳಿಗೆ, ಇನ್ನೊಂದು ನೋಡಲು ಬಂದವರಿಗೆ. "ನೀನು ವಸ್ತುವಲ್ಲ. ನೋಡೋಕೆ ಬಂದಿದೀಯ?"

"ಇಪ್ಪತ್ತೆರಡು ವರ್ಷ ನೋಡಿದೀನಿ. ಸಾಕಾಗಿದೆ."

"ಹಾಗಾದ್ರೆ ತಡೆದೆ ಅಂತ ಬರೆಯೋಕೆ ಇಲ್ಲಿ ಜಾಗ ಇಲ್ಲ ಅಕ್ಕ" ಅಂದ. ಪುಸ್ತಕ ಮುಚ್ಚಿ ಬೇರೆ ಕಡೆ ನೋಡಿದ. ನಾನು ಹಗ್ಗ ದಾಟಿದೆ.

ನನ್ನ ಗಂಡ ದೊಡ್ಡ ಸಾಹೇಬರಿಗೆ ಕೋಲು ತೋರಿಸಿ, "ಈಗ ನಿಮ್ಮ ಎಡಗಡೆ ನೋಡಿ" ಅಂದಿದ್ದ ಅಷ್ಟೇ. ಎಡಗಡೆ ನಾನು ಬಂದೆ. ಒಲೆಯ ಬಾಯಲ್ಲಿದ್ದ ಸುಣ್ಣದ ರೊಟ್ಟಿಗಳನ್ನು ಕಾಲಲ್ಲಿ ತಳ್ಳಿದೆ. ಕೆಂಡ ಸುರಿದೆ. ಕುರ್ಚಿಯ ಕಾಲಿಗೆ ಸಿಕ್ಕಿಸಿದ್ದ ಮರದ ಚೂರು ಕಿತ್ತು ಹಾಕಿದೆ. ಮೊಣಕಾಲೂರಿ ಊದಿದೆ. ಬೂದಿ ಕಣ್ಣಿಗೆ ಬಂತು. ಮತ್ತೆ ಊದಿದೆ. ಒಲೆ ನನ್ನ ಉಸಿರನ್ನು ಮರೆತಿರಲಿಲ್ಲ. ಭುಗ್ ಅಂತ ಹತ್ತಿತು.

"ಮಸಿ" ಅಂತ ಕಿರುಚಿದ ಪಟ್ಟಿ ಸಾಹೇಬ. ಜೇಬಿನಿಂದ ಅಳತೆಯ ಪಟ್ಟಿ ತೆಗೆದು ಗೋಡೆಗೆ ಹಿಡಿದ. "ಸಾರ್, ಮಸಿ ಹೆಚ್ಚಾಗ್ತಿದೆ. ಕೂದಲೆಳೆಯಷ್ಟು ಹೆಚ್ಚಾಯ್ತು ಸಾರ್."

ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮ ಅಂದುಕೊಂಡರು. ಅವರು ತಟ್ಟಿದ್ದಕ್ಕೆ ಕುರ್ಚಿಯವರೆಲ್ಲ ತಟ್ಟಿದರು.

"ಯಾರು ಅನುಮತಿ ಕೊಟ್ಟದ್ದು?" ಅಂತ ಪಟ್ಟಿ ಸಾಹೇಬ ನನ್ನ ತೋಳಿಗೆ ಕೈ ಹಾಕಿದ.

"ಕೈ ತೆಗಿ" ಅಂದೆ. "ನಾನು ನಿನ್ನ ಪಟ್ಟೀಲಿಲ್ಲ. ಈ ಬೆಂಕೀನೂ ಇಲ್ಲ. ಇಲ್ಲದೋಳು ಇಲ್ಲದ್ದನ್ನ ಹಚ್ಚಿದ್ರೆ ಯಾರ ಅಪ್ಪನ ಅನುಮತಿ ಬೇಕು?"

ಆಗ ಹಿಂದೆ ಡಬ್ಬ ಕರಕರ ಅಂದಿತು. ಅತ್ತೆ ಏಳುತ್ತಿದ್ದಳು. ಒಂದು ಕೈ ಹಂಡೆಯ ಅಂಚಿಗೆ, ಒಂದು ಕೈ ಸುಣ್ಣದ ಗೊಂಬೆಯ ತಲೆಗೆ. ಮಂಡಿ ಲಟ್ ಅಂದದ್ದು ಮುಂದಿನ ಸಾಲಿನ ಕುರ್ಚಿಯವರಿಗೂ ಕೇಳಿಸಿತು. ನೆಟ್ಟಗೆ ನಿಂತ ಮೇಲೆ ಮಣಿಕಟ್ಟಿನ ಬಿಲ್ಲೆಯ ದಾರವನ್ನು ಹಲ್ಲಿನಿಂದ ಹರಿದಳು. ಬಿಲ್ಲೆಯನ್ನು ಡಬ್ಬದ ಮೇಲೆ ಇಟ್ಟಳು. ಪಕ್ಕದಲ್ಲಿ "ದುರಸ್ತಿಯಲ್ಲಿದೆ" ಫಲಕ ಬಿದ್ದಿತ್ತು. ಅದನ್ನು ಎತ್ತಿ ಮುರಿದು ಒಲೆಗೆ ಹಾಕಿದಳು.

"ಒಣಗಿದ ಮರ. ಚೆನ್ನಾಗಿ ಉರಿಯುತ್ತೆ" ಅಂದಳು.

ಪಟ್ಟಿ ಸಾಹೇಬ ಅವಳನ್ನು ನೋಡಲಿಲ್ಲ. ಡಬ್ಬವನ್ನು ನೋಡಿದ. ಡಬ್ಬದ ಮೇಲೆ ಬಿಲ್ಲೆ ಮಾತ್ರ ಇತ್ತು. ಬೆವರು ಒರೆಸಿಕೊಂಡು ಪುಸ್ತಕ ತೆಗೆದು ಬರೆದ, ಬರೆದದ್ದನ್ನು ಗಟ್ಟಿಯಾಗಿ ಓದಿದ. "ಹದಿನಾಲ್ಕನೇ ವಸ್ತು ಕಾಣೆಯಾಗಿದೆ." ಅತ್ತೆ ಅವನ ಮೂಗಿನ ಮುಂದೆ ಸೌಟು ಹಿಡಿದು ನಿಂತಿದ್ದಳು. "ಸ್ವಲ್ಪ ಪಕ್ಕಕ್ಕೆ ಬಾಮ್ಮ, ವಸ್ತು ಹುಡುಕ್ಬೇಕು" ಅಂದ.

ಹಂಡೆಯಲ್ಲಿ ಸಾರು ಬೇಯಿಸಲು ಬಿಡಲಿಲ್ಲ ಅನ್ನಿ. ನೀರಿನ ಗಾಡಿ ತಂದರು. ನಾನು ಹದಿನಾರು ಕೊಡ ಹೊರುವ ಊರಿನಲ್ಲಿ ಒಂದು ಒಲೆ ಆರಿಸಲು ಒಂದು ಗಾಡಿ ನೀರು ಬಂತು. ಒಲೆ ಚಟ್ ಅಂತ ಎರಡು ಹೋಳಾಯಿತು. ಮಸಿ ಎಲ್ಲ ತೊಳೆದುಹೋಗಿ ಗೋಡೆ ಬೆಳ್ಳಗಾಯಿತು. ಗೊಂಬೆಗಳ ಬೆರಳು ಕರಗಿ ಬಿದ್ದವು. ನನ್ನನ್ನು ಕಚೇರಿಗೆ ಒಯ್ದು ಸಂಜೆವರೆಗೆ ನಿಲ್ಲಿಸಿದರು. ಕೂರಲು ಬೆಂಚಿತ್ತು, ಕೂರಬೇಡ ಅಂದರು. ಏನಂತ ಕೇಸು ಹಾಕುವುದು ಅಂತ ನಾಲ್ಕು ಜನ ಜಗಳವಾಡಿದರು. ವಸ್ತು ಹಾಳು ಮಾಡಿದ್ದು ಅವರದೇ ನೀರು. ನನ್ನ ಹೆಸರಿಗೆ ಯಾವ ಕಾಗದದಲ್ಲೂ ಜಾಗ ಇರಲಿಲ್ಲ. "ಎದ್ದು ಹೋಗು" ಅಂದರು. ನಿಂತೇ ಇದ್ದವಳು ಹೋದೆ.

ಮಾರನೇ ಬೆಳಗ್ಗೆ ರಸ್ತೆಯ ಆಚೆ ಬದಿಗೆ ಮೂರು ಕಲ್ಲು ಇಟ್ಟೆ. ಹಗ್ಗದಣ್ಣ ಮೂರು ಬೆರಳಿನ ಕೈಯಲ್ಲಿ ಡಬ್ಬಿ ಹಿಡಿದು ಬಂದ. ಡಬ್ಬಿಯಲ್ಲಿ ಅವನ ಮನೆಯ ಒಲೆಯಿಂದ ತಂದ ಕೆಂಡ. ಇನ್ನೂ ಐದು ಮನೆಯವರು ತಂದರು. ಒಂದು ಒಲೆಗೆ ಅಷ್ಟು ಬೇಕಾಗಿರಲಿಲ್ಲ, ಆದರೆ ಯಾರೂ ವಾಪಸ್ ಒಯ್ಯಲಿಲ್ಲ. ನೆಲದ ಮೇಲೆ ಗೋಣಿ ಹಾಸಿದೆವು. ಎಲ್ಲರೂ ಕೂತು ತಿಂದರು. ಬಡಿಸುವ ಮುಂಚೆ ಅತ್ತೆ ಸೌಟು ನನ್ನ ಕೈಗೆ ಕೊಟ್ಟು, ಈರುಳ್ಳಿ ಸುಲಿಯಲು ಹೋದಳು. ನನ್ನ ಗಂಡ ಕೋಟು ವಾಪಸ್ ಕೊಟ್ಟಿಲ್ಲ, ಅದನ್ನು ಮಡಿಸಿ ಸೊಂಟಕ್ಕೆ ಒತ್ತಾಗಿ ಇಟ್ಟುಕೊಂಡು ನೀರು ಹೊರುತ್ತಾನೆ. ಆರನೇ ಕೊಡಕ್ಕೆ ಸುಸ್ತು ಅಂತಾನೆ. ಇನ್ನೂ ಹತ್ತು ಇದೆ ಅ‍ಂತೀನಿ.

ಅತ್ತೆ ಈರುಳ್ಳಿ ಸುಲಿಯುವ ಕಡೆ ಒಂದು ಗೋಡೆ ಇದೆ. ಅದರ ಮೇಲೆ ಕಚೇರಿಯವರು ಒಂದು ಕಾಗದ ಅಂಟಿಸಿದ್ದಾರೆ. ಅತ್ತೆಯ ಚಿತ್ರ, ಕೆಳಗೆ "ಈ ವಸ್ತು ಕಾಣೆಯಾಗಿದೆ, ಕಂಡವರು ತಿಳಿಸಿ". ದಿನಾ ಮಧ್ಯಾಹ್ನ ಕಾವಲುಗಾರ ಊಟಕ್ಕೆ ಬರುತ್ತಾನೆ. ಕೂರುವ ಮುಂಚೆ ನಿಯಮದ ಪ್ರಕಾರ ಕೇಳಬೇಕು, ಕೇಳುತ್ತಾನೆ. "ಅಜ್ಜೀ, ಹದಿನಾಲ್ಕನೇ ವಸ್ತು ಏನಾದ್ರೂ ಕಂಡೆಯಾ?" ಚಿತ್ರದ ಕೆಳಗೆ ಕೂತ ಅತ್ತೆ, "ಇಲ್ಲಪ್ಪ. ಪಾಪ, ಎಲ್ಲಿ ಹೋಯ್ತೋ" ಅಂತಾಳೆ. ಅವನು ಬರೆದುಕೊಂಡು ರೊಟ್ಟಿಗೆ ಕೈ ಚಾಚುತ್ತಾನೆ.

ಎಂಟನೇ ದಿನ ಪಟ್ಟಿ ಸಾಹೇಬ ಬಂದ. ರಸ್ತೆಯ ಆ ಕಡೆ ಬೆಳ್ಳನೆ ಗೋಡೆಯ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಈ ಕಡೆ ಸಾಲು ತಿರುವಿನವರೆಗೆ ಇತ್ತು. ಅವನ ಕಂಕುಳಲ್ಲಿ ಹೊಸ ಪುಸ್ತಕ.

"ಇದು ಎಷ್ಟು ವರ್ಷ ಹಳೇದು?" ಅಂತ ಅತ್ತೆಯನ್ನು ಕೇಳಿದ.

ನನ್ನ ಸೌಟು ಹಂಡೆಯಲ್ಲೇ ನಿಂತಿತು. ನಮ್ಮ ಮನೆಯವರ ನಾಲಿಗೆಗೆ ಆ ಜಂಬದ ಮಾತು ತಾನಾಗಿ ಬರುತ್ತದೆ. ಅತ್ತೆ ಈರುಳ್ಳಿ ಕೆಳಗಿಟ್ಟಳು.

"ಎಂಟು ದಿನದ್ದು" ಅಂದಳು. "ಎಲ್ಲಾ ಹೊಸದು ಸ್ವಾಮಿ. ಕಲ್ಲು ಹೊಸದು, ಹಂಡೆ ಎರವಲು. ಹಳೇದು ಅಂತ ಒಂದು ಕಡ್ಡೀನೂ ಇಲ್ಲ."

"ಸಾರು?"

"ಸಾರಿಗೆ ಹನ್ನೊಂದು ವರ್ಷ." ಅವಳು ಬಲಗೈ ಎತ್ತಿ ಅವನ ಮುಖದ ಮುಂದೆ ಹಿಡಿದಳು. ಅದು ಗಡಗಡ ನಡುಗುತ್ತಿತ್ತು. ಸಾಲಿನವರೆಲ್ಲ ನೋಡಿದರು. ಅವಳು ಇಳಿಸಲಿಲ್ಲ. "ಈ ಕೈಗೆ ಉಪ್ಪು ಹಿಡಿಯೋಕೂ ಬರಲ್ಲ. ಸಾರು ನನ್ನ ಸೊಸೇದು. ಅವತ್ತು ಸುಳ್ಳು ಹೇಳಿದ್ದೆ."

ನನಗೆ ಕಣ್ಣು ಮಂಜಾಯಿತು. ಹೊಗೆ ಅಂತ ಹೇಳಿಕೊಳ್ಳಬಹುದಿತ್ತು, ಹೇಳಿಕೊಳ್ಳಲಿಲ್ಲ. ಹನ್ನೊಂದು ವರ್ಷ ಆ ಒಂದು ಮಾತಿಗೆ ಕಾದಿದ್ದೆ ಅಂತ ನನಗೆ ಗೊತ್ತಾದದ್ದು ಆಗಲೇ.

ಪಟ್ಟಿ ಸಾಹೇಬ ನನ್ನ ಕಡೆ ತಿರುಗಿದ. ಹೊಸ ಪುಸ್ತಕದ ಮೊದಲ ಪುಟ ಬಿಡಿಸಿದ, ಪೆನ್ನಿನ ಮುಚ್ಚಳ ತೆಗೆದ. ದನಿ ಬಹಳ ಮೆತ್ತಗಾಗಿತ್ತು.

"ಹಾಗಾದ್ರೆ ನಿನ್ನನ್ನ ಮೊದಲು ಸೇರಿಸ್ಕೋಬೇಕು. ಸ್ವಲ್ಪ ಬೆಳಕಿಗೆ ಬಾಮ್ಮ. ಸೌಟು ಹೀಗೇ ಹಿಡ್ಕೋ, ಅಲ್ಲಾಡಬೇಡ."

ನಾನು ಹಗ್ಗದಣ್ಣನ ಬಟ್ಟಲಿಗೆ ಸಾರು ಹಾಕಿದೆ. ಅವನ ಹಿಂದಿನವನಿಗೂ ಹಾಕಿದೆ.

"ನಾನಿಲ್ಲ ಸ್ವಾಮಿ" ಅಂದೆ. "ನೀರಿಗೆ ಹೋಗಿದೀನಿ ಅಂತ ಬರ್ಕೊಳ್ಳಿ."